ಬಲಗೈ ಮುರಿದ ಮೇಲೆ ಕಲಿತ ಹಾಕಿ

ನಂಜನಗೂಡಿನ ಕಾಲೇಜು ಮೈದಾನದಲ್ಲಿ ಭಾನುವಾರ ಬೆಳಿಗ್ಗೆ ಹತ್ತು ಹನ್ನೆರಡು ಜನ ಮುದುಕರು ಹಾಕಿ ಸ್ಟಿಕ್ ಹಿಡಿದು ಕೆಮ್ಮುತ್ತ ಓಡುವುದು ಕಾಣುತ್ತದೆ. ಅವರಲ್ಲಿ ಕೆಮ್ಮದೆ ಓಡುವವನು ನಾನೊಬ್ಬನೇ. ಉಳಿದವರು ಈ ಮಾತನ್ನು ಒಪ್ಪುವುದಿಲ್ಲ. ಆದರೆ ಬರೆಯುತ್ತಿರುವವನು ನಾನು, ಅವರಲ್ಲ.

ಹಾಕಿ ನಮ್ಮ ಕಡೆಯ ಆಟವಲ್ಲ. ನಾನು ಕಲಿತದ್ದು ತಾಂಡ್ಯದ ಕಾರ್ಖಾನೆಯಲ್ಲಿ. ಅಲ್ಲಿ ಮೂವತ್ತೊಂದು ವರ್ಷ ಲೇತ್ ಮೆಷಿನ್ ಮುಂದೆ ನಿಂತವನು ನಾನು. ಕೊಡಗಿನಿಂದ ಬಂದಿದ್ದ ನಮ್ಮ ಸೂಪರ್‌ವೈಸರ್ ಮೊದಲ ಪಾಳಿ ಮುಗಿದ ಕೂಡಲೇ ನಮ್ಮನ್ನು ಶೆಡ್ಡಿನ ಹಿಂದಿನ ಬಯಲಿಗೆ ಅಟ್ಟಿ ಕೈಗೊಂದು ಸ್ಟಿಕ್ ಕೊಡುತ್ತಿದ್ದರು. ದಿನವೂ ಒಂದೇ ಮಾತು: ಎಡಗೈ ಮೇಲಿರಲಿ, ಸ್ಟಿಕ್ ತಿರುಗಿಸುವುದು ಎಡಗೈ ಕೆಲಸ. ನಾನು ತಲೆಯಾಡಿಸಿ ಬಲಗೈಯಲ್ಲಿ ಬಾರಿಸುತ್ತಿದ್ದೆ. ಅಂಥ ಹೊಡೆತ ಇನ್ನೊಬ್ಬರಿಗೆ ಇರಲಿಲ್ಲ. ಆ ಶೆಡ್ಡಿನ ತಗಡಿನಲ್ಲಿ ಇವತ್ತಿಗೂ ಒಂದು ತಗ್ಗಿದೆ. ಅದು ನನ್ನದು.

ಹಾಕಿ ಗೊತ್ತಿಲ್ಲದವರಿಗೆ ಒಂದು ವಿಷಯ ಹೇಳಿಬಿಡುತ್ತೇನೆ. ಸ್ಟಿಕ್ಕಿನ ತಲೆಗೆ ಒಂದು ಮುಖ ಚಪ್ಪಟೆ, ಇನ್ನೊಂದು ಉಬ್ಬು. ಚೆಂಡಿಗೆ ಚಪ್ಪಟೆ ಮುಖ ಮಾತ್ರ ತಾಗಬೇಕು. ಚೆಂಡು ಬಲಗಡೆ ಬಂದರೆ ಸುಲಭ. ಎಡಗಡೆ ಬಂದರೆ ಸ್ಟಿಕ್ಕನ್ನು ಮಗುಚಿ, ತುದಿ ಕೆಳಗೆ ಮಾಡಿ ಹಿಡಿಯಬೇಕು. ಮಗುಚುವುದು ಎಡಗೈ ಮಣಿಕಟ್ಟು. ನನಗೆ ಅದೊಂದು ಬರುತ್ತಿರಲಿಲ್ಲ. ಎಡಗಡೆ ಬಂದ ಚೆಂಡನ್ನು ನಾನು ಕಣ್ಣಲ್ಲೇ ಕಳಿಸಿಕೊಡುತ್ತಿದ್ದೆ.

ಇದು ಚೆನ್ನಾಗಿ ಗೊತ್ತಿದ್ದವನು ನನ್ನ ಪಕ್ಕದ ಲೇತ್‌ನವನು. ಟಿ. ನರಸೀಪುರದವನು, ನನ್ನ ಜೊತೆಗೇ ಕೆಲಸಕ್ಕೆ ಸೇರಿದವನು, ಜೊತೆಗೇ ನಿವೃತ್ತನಾದವನು. ಊರಿಗೆ ಹೋಗಿ ಅಲ್ಲೊಂದು ಮುದುಕರ ತಂಡ ಕಟ್ಟಿದ. ಪ್ರತಿ ವರ್ಷ ಸಂಕ್ರಾಂತಿ ಕಳೆದ ಭಾನುವಾರ ಅವರಿಗೂ ನಮಗೂ ಮ್ಯಾಚು, ಒಂದು ವರ್ಷ ಇಲ್ಲಿ, ಒಂದು ವರ್ಷ ಅಲ್ಲಿ. ಕಡೆಗೆ ಏಳೇಳು ಜನ. ಹನ್ನೊಂದು ಜನರನ್ನು ಸೇರಿಸಿದರೆ ಅಷ್ಟು ಒಳ್ಳೆಯ ಮಂಡಿಗಳು ಎರಡು ಊರಲ್ಲೂ ಸಿಗುವುದಿಲ್ಲ. ಪ್ರತಿ ವರ್ಷ ಅವನು ನನ್ನ ಎಡಗಡೆಯಿಂದಲೇ ನುಗ್ಗಿ ಹೋಗುತ್ತಿದ್ದ. ಹೋಗುವಾಗ ಒಂದು ಮಾತು ಬೇರೆ: "ಬತ್ತೀನಿ ಕಣ್ಲಾ, ಬಾಗ್ಲು ತಗ್ದಿರು."

ಕಳೆದ ಆಯುಧಪೂಜೆಗೆ ಎರಡು ದಿನ ಮುಂಚೆ ನನ್ನ ಬಲಗೈ ಮಣಿಕಟ್ಟು ಮುರಿಯಿತು. ತಪ್ಪು ನಮ್ಮ ಕ್ಯಾಪ್ಟನ್ನನ ಚಪ್ಪಲಿಯದು. ಕ್ಯಾಪ್ಟನ್ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವನು, ನನಗಿಂತ ಎರಡು ವರ್ಷ ಚಿಕ್ಕವನು, ನಗು ಅಂದರೆ ಅಲರ್ಜಿ. ಆಟಕ್ಕೆ ಇಳಿಯುವ ಮುಂಚೆ ಚಪ್ಪಲಿ ಜೋಡಿಸಿ ಬೇವಿನ ಮರದ ಕೆಳಗೆ ಇಡುತ್ತಾನೆ. ಅದನ್ನು ಕೊಂಬೆಗೆ ನೇತುಹಾಕುವುದು ನನ್ನ ಭಾನುವಾರದ ಕೆಲಸ. ಅವನಿಗೆ ಎಟಕುವ ಕೊಂಬೆಗಳೆಲ್ಲ ಮುಗಿದಿದ್ದವು, ಅದಕ್ಕೇ ಆವತ್ತು ಕಾಂಪೌಂಡ್ ಗೋಡೆ ಹತ್ತಿದೆ. ಚಪ್ಪಲಿ ಮೇಲೆ ಹೋಯಿತು, ನಾನು ಕೆಳಗೆ ಬಂದೆ.

ಎಲ್ಲರೂ ಓಡಿ ಬಂದರು. ಕ್ಯಾಪ್ಟನ್ ಕೊನೆಗೆ ಬಂದು ನನ್ನ ಮೇಲೆ ಬಗ್ಗಿ ನೋಡಿದ.

"ಎಲ್ಲಿ ನೋವು?"

"ಕೈ."

"ಚಪ್ಲಿ ಎಲ್ಲಿ?"

ಎಡಗೈಯಲ್ಲಿ ತೋರಿಸಿದೆ.

ಆರು ವಾರ ಪ್ಲಾಸ್ಟರ್. ಬಿಚ್ಚಿದ ಮೇಲೆ ಮುಷ್ಟಿ ಪೂರ್ತಿ ಮುಚ್ಚಲಿಲ್ಲ. ಅನ್ನ ಕಲಸಬಹುದು, ಸಹಿ ಮಾಡಬಹುದು, ಆದರೆ ಆ ಕೈಯಿಂದ ಇನ್ನು ಏನನ್ನೂ ಜೋರಾಗಿ ಹೊಡೆಯಬಾರದು ಎಂದರು ಡಾಕ್ಟರು. "ಈ ವಯಸ್ಸಲ್ಲಿ ಯಾರಿಗ್ ಒಡೀಬೇಕು, ಬುಡಿ ಸಾ" ಎಂದು ನನ್ನ ಹೆಂಡತಿ ಡಾಕ್ಟರಿಗೆ ಹೇಳಿದಳು.

ಮಾರನೆಯ ದಿನವೇ ಕ್ಯಾಪ್ಟನ್ ಮನೆಗೆ ಬಂದು ಜೇಬಿನಿಂದ ಪೀಪಿ ತೆಗೆದು ನನ್ನ ಮುಂದಿಟ್ಟ.

"ಸಂಕ್ರಾಂತಿ ಮ್ಯಾಚ್ಗೆ ನೀನು ಅಂಪೈರು ಕಣ್ಲಾ. ಒಳ್ಳೆ ಮರ್ಯಾದೆ ಕೆಲ್ಸ."

ಆ ಮರ್ಯಾದೆ ನನಗೆ ಗೊತ್ತಿತ್ತು. ನಮ್ಮ ತಂಡದಲ್ಲಿ ಪೀಪಿ ಸಿಕ್ಕವನು ಮತ್ತೆ ಸ್ಟಿಕ್ ಹಿಡಿದ ಉದಾಹರಣೆ ಇಲ್ಲ. ನನಗಿಂತ ಮುಂಚೆ ಮೂವರಿಗೆ ಸಿಕ್ಕಿತ್ತು. ಒಂದೆರಡು ತಿಂಗಳು ಊದಿದರು, ಆಮೇಲೆ ಬರುವುದನ್ನೇ ಬಿಟ್ಟರು. ಈಗ ಬೆಳಿಗ್ಗೆ ಶಾಲು ಹೊದ್ದು ರಸ್ತೆ ಬದಿ ವಾಕಿಂಗ್ ಮಾಡುತ್ತಾರೆ, ಮೈದಾನದ ಕಡೆ ತಿರುಗಿಯೂ ನೋಡುವುದಿಲ್ಲ. ಸಂಕ್ರಾಂತಿ ಮ್ಯಾಚಿನಲ್ಲಿ ಆಡದೆ ಹೋದರೆ ನಾನು ನಾಲ್ಕನೆಯವನು. ಜೀವನದಲ್ಲಿ ಮೊದಲ ಸಲ ಕ್ಯಾಪ್ಟನ್ನನನ್ನು ಗೋಳು ಹೊಯ್ದುಕೊಳ್ಳದೆ ಕಾಫಿ ಕೊಟ್ಟು ಕಳಿಸಿದೆ.

ಆಮೇಲೆ ಯೋಚಿಸಿದೆ. ಬಲಗೈ ಹೋದರೆ ಹೋಗಲಿ, ಎಡಗೈಯಲ್ಲಿ ಬಾರಿಸಿದರಾಯಿತು. ಬಲಗೈ ಮೇಲೆ, ಎಡಗೈ ಕೆಳಗೆ, ಎಲ್ಲ ತಿರುವುಮುರುವು. ಮೈಸೂರಿನ ಅಂಗಡಿಗೆ ಹೋಗಿ ಎಡಗೈಯವರ ಸ್ಟಿಕ್ ಕೊಡಿ ಎಂದೆ. ಅಂಗಡಿಯವನು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಹಾಗಂತ ಒಂದು ಬರೋದೇ ಇಲ್ಲ ಸಾರ್. ಎಡಚರೂ ಇದರಲ್ಲೇ ಆಡ್ಬೇಕು. ರೂಲ್ಸ್ ಹಂಗಿದೆ" ಎಂದ. ಸ್ಟಿಕ್ಕಿನ ಚಪ್ಪಟೆ ಮುಖ ಒಂದೇ ಕಡೆ, ಅದೂ ನನಗೆ ಬೇಡದ ಕಡೆ.

ಬರಿಗೈಯಲ್ಲಿ ಬರುತ್ತಾ ಕಳಲೆಯ ಬಡಗಿಯ ನೆನಪಾಯಿತು. ಕುಂಟೆ, ನೊಗ, ಬಾಗಿಲು, ಮಂಚ ಏನು ಕೊಟ್ಟರೂ ಮಾಡುವ ಮನುಷ್ಯ. ಹಾಕಿ ಅಂದರೆ ಏನೆಂದು ಅವನಿಗೆ ಗೊತ್ತಿಲ್ಲ. ಕಾರ್ಖಾನೆ ಕಾಲದ ನನ್ನ ಹಳೇ ಮರದ ಸ್ಟಿಕ್ಕನ್ನು ಅವನ ಹತ್ತಿರ ತೆಗೆದುಕೊಂಡು ಹೋದೆ. ಹಿಡಿಕೆ ನಾಲ್ಕು ಬೆರಳು ಗಿಡ್ಡ ಮಾಡಿದರೆ ಎಡಗೈಗೆ ಹಗುರವಾಗುತ್ತದೆ ಎನ್ನುವುದಷ್ಟೇ ನನ್ನ ಲೆಕ್ಕ. ನಾಲ್ಕು ದಿನ ಬಿಟ್ಟು ಹೋದಾಗ ಸ್ಟಿಕ್ಕನ್ನು ಕೂಸಿನ ಹಾಗೆ ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದ.

"ಇಡಿ ಗಿಡ್ಡ ಮಾಡಿವ್ನಿ" ಎಂದ. "ಇನ್ನೊಂದು ಕೆಲ್ಸಾನೂ ಮಾಡಿವ್ನಿ, ನೀವು ಏಳ್ದಿದ್ರೂವೆ. ಆ ಕಾರ್ಖಾನೆಯವ್ರು ಸೋಂಬೇರಿಗಳು ಸಾ. ಒಂದ್ಕಡೆ ಚೆಂದಾಗಿ ಚಪ್ಪಟೆ ಮಾಡವ್ರೆ, ಇನ್ನೊಂದ್ಕಡೆ ಉಬ್ಬನ್ನ ಅಂಗೇ ಬುಟ್ಟವ್ರೆ. ಅರ್ಧ ಕೆಲ್ಸ. ನಾನು ಅತ್ತರಿ ಒಡ್ದು ಎರಡೂ ಕಡೆ ಒಂದೇ ಸಮ ಮಾಡ್ಬುಟ್ಟೆ."

ಹತ್ತರಿ ಹೊಡೆದು ಉಬ್ಬನ್ನೆಲ್ಲ ಸವರಿ ಹಾಕಿದ್ದ. ಎರಡೂ ಕಡೆ ಚಪ್ಪಟೆ, ಎರಡೂ ಕಡೆ ನುಣುಪು. ಇಂಥ ಸ್ಟಿಕ್ ಭೂಮಿ ಮೇಲೆ ಇನ್ನೊಂದು ಇರಲಿಕ್ಕಿಲ್ಲ, ರೂಲ್ಸಿನಲ್ಲಂತೂ ಇಲ್ಲವೇ ಇಲ್ಲ. ನ್ಯಾಯವಂತನಾಗಿದ್ದರೆ ಅಲ್ಲೇ ತಲೆಮೇಲೆ ಕೈಹೊತ್ತು ಕೂರುತ್ತಿದ್ದ. ನಾನು ಬಡಗಿಗೆ ಕೈಮುಗಿದು, ದಾರಿಯಲ್ಲಿ ಕರೆಂಟ್ ಅಂಗಡಿಯಿಂದ ಕಪ್ಪು ಟೇಪು ಕೊಂಡು, ಸ್ಟಿಕ್ಕಿನ ತಲೆಗೆ ಸುತ್ತಿದೆ.

ಎರಡು ಭಾನುವಾರ ನಾನು ಮೈದಾನದಲ್ಲಿ ಮಾಯಗಾರ. ಎಡಗೈ ಕೆಳಗೆ ಹಿಡಿದು ಹೊಡೆದೆ, ಬಲಗೈ ಕೆಳಗೆ ಹಿಡಿದು ತಳ್ಳಿದೆ. ಚೆಂಡು ಯಾವ ಕಡೆ ಬಂದರೂ ಮಗುಚುವ ಕಷ್ಟವೇ ಇಲ್ಲದೆ ತಡೆದೆ. ಕ್ಯಾಪ್ಟನ್ ಬಾಯಿ ಬಿಟ್ಟು ನೋಡಿದ.

"ಎಂಗ್ಲಾ ಇದು?"

"ದೇವರು ಎರಡು ಕೈ ಕೊಟ್ಟಿರೋದು ಎದಕ್ಕೆ? ನಿನ್ನಂಗೆ ಸೊಂಟದ ಮೇಲೆ ಇಟ್ಕೊಳ್ಳಾಕಾ?"

ಸಂಕ್ರಾಂತಿ ಪಟ್ಟಿಗೆ ನನ್ನನ್ನು ಸೇರಿಸಿದ, ಪೀಪಿ ವಾಪಸ್ ಇಸಿದುಕೊಂಡ.

ಮೂರನೆಯ ಭಾನುವಾರ ಕ್ಯಾಪ್ಟನ್ನನೇ ಹೊಡೆದ ಒಂದು ಜೋರು ಚೆಂಡಿಗೆ ಸ್ಟಿಕ್ ಅಡ್ಡ ಹಿಡಿದೆ. ಉಬ್ಬು ಕಳೆದುಕೊಂಡು ತೆಳ್ಳಗಾಗಿದ್ದ ತಲೆ ಎರಡು ಹೋಳಾಯಿತು. ಒಂದು ಹೋಳು ಉರುಳಿಕೊಂಡು ಹೋಗಿ ಅವನ ಕಾಲ ಬುಡದಲ್ಲೇ ನಿಂತಿತು. ಎತ್ತಿಕೊಂಡ. ಟೇಪು ಬಿಚ್ಚಿದ. ಒಂದು ಮಗ್ಗುಲು ಸವರಿದ, ತಿರುಗಿಸಿದ, ಇನ್ನೊಂದು ಮಗ್ಗುಲು ಸವರಿದ. ನಾನು ಅಲ್ಲಿಂದ ಜಾಗ ಖಾಲಿ ಮಾಡುವುದೋ ಬೇಡವೋ ಎಂದು ನೋಡುತ್ತಿದ್ದೆ.

"ಇದ್ಯಾವ ದೇಸದ್ದು?" ಎಂದ.

ಯಾರೂ ನಗಲಿಲ್ಲ. ನನ್ನ ತಮಾಷೆಗೆ ಯಾರೂ ನಗದೆ ಇದ್ದದ್ದು ಆವತ್ತೇ ಮೊದಲು. ಪೀಪಿ ತಂದು ನನ್ನ ಅಂಗಿ ಜೇಬಿಗೆ ಹಾಕಿದ. "ಇನ್ನು ಮೂರು ವಾರ ಅದೆ. ಊದಾದ್ನ ಅಭ್ಯಾಸ ಮಾಡ್ಕೊ."

ಮನೆಗೆ ಬಂದವನು ಅಡುಗೆಮನೆ ಬಾಗಿಲಲ್ಲಿ ನಿಂತೆ. ಹೆಂಡತಿ ನೆಲದ ಮೇಲೆ ಕೂತು ಮುದ್ದೆ ತೊಳೆಸುತ್ತಿದ್ದಳು. ಪಾತ್ರೆಯನ್ನು ಎರಡು ಪಾದದ ನಡುವೆ ಬಟ್ಟೆ ಹಾಕಿ ಅದುಮಿಕೊಂಡು, ಮುದ್ದೆ ಕೋಲನ್ನು ಎರಡು ಕೈಯಲ್ಲಿ ಹಿಡಿದು.

ಅವಳ ಬಗ್ಗೆ ಒಂದು ಮಾತು. ತಾಂಡವಪುರದ ಹುಡುಗಿ, ಹುಟ್ಟಾ ಎಡಚಿ. ಊಟಕ್ಕೆ ಎಡಗೈ ಹಾಕುತ್ತಾಳೆಂದು ಚಿಕ್ಕಂದಿನಲ್ಲಿ ಅವಳಜ್ಜಿ ಆ ಕೈಯನ್ನು ಬಟ್ಟೆಯಲ್ಲಿ ಸುತ್ತಿ ಸೊಂಟಕ್ಕೆ ಕಟ್ಟುತ್ತಿದ್ದಳಂತೆ, ಬಿಚ್ಚಿಕೊಂಡರೆ ಸೌಟಿನಲ್ಲಿ ಏಟು. ನಮ್ಮ ಮನೆಗೆ ಬಂದ ಮೇಲೆ ನನ್ನ ತಾಯಿಯೂ ಎಡಗೈಯಲ್ಲಿ ಬಡಿಸಬಾರದು ಎಂದರು. ಹೀಗಾಗಿ ಉಣ್ಣುವುದು, ಬಡಿಸುವುದು, ದೀಪ ಹಚ್ಚುವುದು ಎಲ್ಲ ಅವಳಿಗೆ ಒಗ್ಗದ ಬಲಗೈಯಲ್ಲೇ. ನಾನೇನು ಮಾಡುತ್ತಿದ್ದೆ ಅಂದರೆ, ನೆಂಟರ ಮುಂದೆ ಅವಳನ್ನು 'ನಮ್ಮ ಎಡಚಿ' ಎಂದು ಕರೆಯುತ್ತಿದ್ದೆ. ನಲವತ್ತು ವರ್ಷದ ತಮಾಷೆ. ಮುದ್ದೆ ತೊಳೆಸುವುದೊಂದೇ ಯಾರ ಆಕ್ಷೇಪಣೆಯೂ ಇಲ್ಲದ ಕೆಲಸ. ಎರಡೂ ಕೈ ಬೇಕಾದ ಕೆಲಸದಲ್ಲಿ ಯಾವ ಕೈ ಮೇಲಿದೆ ಎಂದು ಯಾರು ನೋಡುತ್ತಾರೆ.

ಆವತ್ತು ನಾನು ನೋಡಿದೆ. ಎಡಗೈ ಮೇಲಿತ್ತು.

"ಏನಂದ್ರೆ, ಅದ್ಯಾಕಂಗೆ ನಿಂತ್ಕೊಂಡ್ರಿ? ಇಟ್ಟು ತೊಳ್ಸಾದ ಕಂಡಿಲ್ವಾ?"

"ಎಡಗೈ ಯಾಕೆ ಮೇಲಿಟ್ಟಿದ್ದೀ?"

"ಇನ್ನೆಲ್ಲಿ ಇಡ್ಬೇಕು? ತಿರುಗ್ಸೋ ಕೈ ಮೇಲಿರ್ತದೆ. ಕೆಳಗಿನ್ ಕೈ ಕೋಲು ಅತ್ತಿತ್ತ ಓಗ್ದಂಗೆ ಇಡ್ಕೊಂಡ್ರೆ ಸಾಕು, ಅದ್ಕೇನ್ ಬಲ ಬೇಕಿಲ್ಲ."

ಸೂಪರ್‌ವೈಸರ್ ವರ್ಷಗಟ್ಟಲೆ ಕೂಗಿದ ಮಾತು ಅದು. ಅವರು ಹೇಳಿದಾಗ ನನಗೆ ಬೇಕಾಗಿರಲಿಲ್ಲ, ಬಲಗೈ ಇತ್ತಲ್ಲ. ಈಗ ಆ ಹೊಸ್ತಿಲ ಮೇಲೆ ನಿಂತು ಲೆಕ್ಕ ಹಾಕಿದೆ. ಕೆಳಗಿನ ಕೈಗೆ ಬಲ ಬೇಕಿಲ್ಲ. ನನ್ನ ಬಲಗೈ ಸುಮ್ಮನೆ ಹಿಡಿದುಕೊಳ್ಳಬಲ್ಲದು. ನನಗೆ ಬೇಕಾಗಿದ್ದದ್ದು ವಿಚಿತ್ರ ಸ್ಟಿಕ್ಕಲ್ಲ, ಒಂದು ಎಡಗೈ. ಅದು ಹೆಗಲಿಗೆ ಅಂಟಿಕೊಂಡೇ ಇತ್ತು, ಕೆಲಸ ಕಲಿತಿರಲಿಲ್ಲ ಅಷ್ಟೆ.

"ನಂಗೂ ಕಲ್ಸಿಕೊಡು" ಎಂದೆ.

ಅವಳು ಕೋಲು ನಿಲ್ಲಿಸಿದಳು. "ಇದ್ರಲ್ಲೇನು ಕಿತಾಪತಿ?"

"ಏನಿಲ್ಲ."

"ಏನಿಲ್ದೆ ನೀವು ಅಡಿಗೆಮನೆ ಒಳ್ಗೆ ಬರೋ ಗಂಡಸಲ್ಲ."

ಕೊನೆಗೆ ಎಲ್ಲ ಹೇಳಿದೆ. ಬಡಗಿ, ಟೇಪು, ಎರಡು ಹೋಳು, ಜೇಬಿನಲ್ಲಿದ್ದ ಪೀಪಿ. ಅವಳು ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಪಕ್ಕಕ್ಕೆ ಸರಿದು ಜಾಗ ಕೊಟ್ಟಳು.

ಮೊದಲ ದಿನ ನಾನು ಮಾಡಿದ್ದನ್ನು ಮುದ್ದೆ ಅನ್ನುವುದು ಮುದ್ದೆಗೆ ಅವಮಾನ. ಪ್ರತಿ ತುತ್ತಿಗೂ ಒಂದು ಗಂಟು. ಇಬ್ಬರೂ ಉಂಡೆವು. ಎರಡನೆಯ ದಿನವೂ ಗಂಟು. ಅವಳು ನನ್ನ ಹಿಂದೆ ನಿಂತು ಎಡ ಭುಜವನ್ನು ಬೆರಳಿನಿಂದ ಒತ್ತಿದಳು. "ಇದ್ನ ಬುಡಿ. ಭುಜದಲ್ಲಿ ಮಾಡೋದು ಒನಕೆ ಕೆಲ್ಸ. ಇದು ಮಣಿಕಟ್ಟಿನ ಕೆಲ್ಸ." ಒಂದು ವಾರದ ಹೊತ್ತಿಗೆ ಮುದ್ದೆ ಗುಂಡಗೆ ನುಣ್ಣಗೆ ಬಂತು. ಅವಳಿಗಿಂತ ಚೆನ್ನಾಗಿಯೇ ಬಂತು. ಇದನ್ನು ಅವಳ ಮುಂದೆ ಹೇಳಿಲ್ಲ.

ಆಮೇಲೆ ಹಿತ್ತಲು. ಕ್ರಿಕೆಟ್ ಆಡುವ ಅಳಿಯನನ್ನು ಕಾಡಿ ಅವನ ಗೆಳೆಯನ ಹತ್ತಿರ ಒಂದು ಸರಿಯಾದ ಸ್ಟಿಕ್ ಎರವಲು ತರಿಸಿದೆ, ಒಂದೇ ಮುಖ ಚಪ್ಪಟೆ ಇರುವಂಥದ್ದು. ಮನೆಯಲ್ಲಿ ಹಾಕಿ ಚೆಂಡು ಇರಲಿಲ್ಲ. ಅವಳು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ನವಿಲುಕೋಸು ಉರುಳಿಸಿದಳು. ಎಲ್ಲ ನನ್ನ ಎಡಕ್ಕೆ, ಒಂದೊಂದಾಗಿ. ಎಡಗೈ ಸ್ಟಿಕ್ಕನ್ನು ಮಗುಚಬೇಕು, ತುದಿ ನೆಲಕ್ಕೆ ತಾಗಬೇಕು, ಕೋಸು ನಿಲ್ಲಬೇಕು. ಮೊದಮೊದಲು ಕೋಸು ಗೋಡೆಗೆ ಹೋಗಿ ಬಡಿಯುತ್ತಿತ್ತು. ನಾನು ಸೊಂಟ ಹಿಡಿದು ನಿಂತರೆ "ಇನ್ನೊಂದ್ಸಲ" ಎನ್ನುತ್ತಿದ್ದಳು. ಆ ಸೂಪರ್‌ವೈಸರ್‌ಗೆ ಇಷ್ಟು ಹೆದರಿದ್ದರೆ ನಾನು ದೇಶಕ್ಕೇ ಆಡುತ್ತಿದ್ದೆ. ಪೆಟ್ಟು ತಿಂದ ಕೋಸೆಲ್ಲ ಸಾರಿಗೆ ಬಿತ್ತು. ಆ ಎರಡು ವಾರ ನಮ್ಮ ಮನೆಯಲ್ಲಿ ಮುದ್ದೆ ಮತ್ತು ನವಿಲುಕೋಸಿನ ಸಾರು ಬಿಟ್ಟು ಬೇರೆ ಅಡುಗೆ ಇಲ್ಲ.

ಒಂದು ಸಂಜೆ ಸತತವಾಗಿ ಆರು ಕೋಸು ನಿಲ್ಲಿಸಿದೆ. ಅವಳ ಮುಖ ನೋಡಿದೆ, ಹೊಗಳಲಿ ಎಂದು. ಅವಳು ಏಳನೆಯದನ್ನು ಕೈಯಲ್ಲಿ ಹಿಡಿದು ಕೂತಿದ್ದಳು.

"ನಂಗೂ ಯಾರಾದ್ರೂ ಇಂಗೆ ಕೂತ್ಕೊಂಡು ಏಳ್ಕೊಟ್ಟಿದ್ರೆ" ಎಂದಳು, "ಈ ಬಲಗೈನೂ ಮಾತು ಕೇಳ್ತಿತ್ತೇನೋ. ಬಡ್ದು ಕಲ್ಸಿದ್ರು. ಅದ್ಕೇ ಇವತ್ಗೂವೆ ಅದ್ರ ಮೇಲೆ ನಂಗೆ ಸಿಟ್ಟು."

ಅವತ್ತಿನಿಂದ ಅವಳನ್ನು ಎಡಚಿ ಎಂದು ಕರೆದಿಲ್ಲ. ಬೇರೆ ಹೆಸರಿಟ್ಟಿದ್ದೇನೆ, ಅದನ್ನು ಇಲ್ಲಿ ಬರೆದರೆ ಮನೆಯಲ್ಲಿ ಊಟ ಸಿಗುವುದಿಲ್ಲ.

ಈ ಸಲದ ಮ್ಯಾಚು ನರಸೀಪುರದಲ್ಲಿ. ನಮ್ಮವರು ಸರಿಯಾಗಿ ಏಳು ಜನ ಬಸ್ಸಿನಲ್ಲಿ ಹೋದರು, ಎಂಟನೆಯವನು ನಾನು, ಪೀಪಿಯವನು. ಎರವಲು ಸ್ಟಿಕ್ಕನ್ನು ಚೀಲದಲ್ಲಿ ಇಟ್ಟುಕೊಂಡಿದ್ದೆ. ಕ್ಯಾಪ್ಟನ್ ನೋಡಿದ, "ಅದೆಷ್ಟು ಮುಖದ್ದು?" ಎಂದ, ಅಷ್ಟೆ. ಮೈದಾನಕ್ಕೆ ಇಳಿಯುತ್ತಿದ್ದಂತೆ ಪಕ್ಕದ ಲೇತಿನ ನನ್ನ ಹಳೇ ಗೆಳೆಯ ಎದುರು ಬಂದು ಪೀಪಿ ನೋಡಿದ. ಕುಹಕವಾಡುತ್ತಾನೆಂದು ಕಾದೆ. ಆಡಲಿಲ್ಲ. "ಓಗ್ಲಿ ಬುಡ್ಲಾ, ಆಯ್ತಲ್ಲ ಅಷ್ಟು ವರ್ಷ" ಎಂದು ಹೆಗಲು ತಟ್ಟಿದ. ಅದಕ್ಕಿಂತ ಅವನು ಬೈದಿದ್ದರೆ ಚೆನ್ನಾಗಿತ್ತು.

ಮೊದಲರ್ಧ ನಾನು ನ್ಯಾಯವಾಗಿಯೇ ಊದಿದೆ. ಅವರು ಒಂದು ಗೋಲು ಹಾಕಿದರು. ಅರ್ಧ ಮುಗಿಯುವ ಹೊತ್ತಿಗೆ ನಮ್ಮ ಕ್ಯಾಪ್ಟನ್ನನ ಬಲ ಮಂಡಿ ಹಿಡಿದುಕೊಂಡಿತು. ಕೂತವನು ಏಳಲಿಲ್ಲ. ಇನ್ನು ಆರೇ ಜನ ಆಡಬೇಕು, ಇಲ್ಲವೇ ನಾನು.

"ಐದು ಚೆಂಡು ನನ್ನ ಎಡಕ್ಕೆ ತಳ್ಸು" ಎಂದೆ. "ಮೂರು ನಿಲ್ಲಿಸ್ದಿದ್ರೆ ಈ ಪೀಪಿನ ನುಂಗ್ತೀನಿ."

ಕ್ಯಾಪ್ಟನ್ ಬಹಳ ಹೊತ್ತು ನನ್ನ ಮುಖ ನೋಡಿದ. ಎಷ್ಟು ಸಲ ಮೋಸ ಹೋಗಿದ್ದಾನೆ ಪಾಪ. ಆಮೇಲೆ ನಮ್ಮವನೊಬ್ಬನಿಗೆ ಸನ್ನೆ ಮಾಡಿದ. ಅವನು ಕರುಣೆ ಇಲ್ಲದೆ ಹೊಡೆದ. ಮೊದಲನೆಯದು ಹೋಯಿತು. ಎರಡನೆಯದು ನಿಂತಿತು, ಮೂರನೆಯದು ನಿಂತಿತು. ನಾಲ್ಕನೆಯದು ಕಾಲಿಗೆ ಬಡಿಯಿತು. ಐದನೆಯದಕ್ಕೆ ಭುಜ ಬಿಟ್ಟು ಮಣಿಕಟ್ಟು ತಿರುಗಿಸಿದೆ, ಚೆಂಡು ಸ್ಟಿಕ್ಕಿಗೆ ಬಂದು ಒರಗಿಕೊಂಡಿತು. ಕ್ಯಾಪ್ಟನ್ ಕೈ ಚಾಚಿ ಪೀಪಿ ಇಸಿದುಕೊಂಡ.

"ಎಡಗಡೆ ನಿಂತ್ಕೊ. ಒಡೀಬ್ಯಾಡ. ನಿಲ್ಸು, ಪಕ್ಕದವನ್ಗೆ ಕೊಡು."

ಎರಡನೇ ಅರ್ಧ ಶುರುವಾಗಿ ಸ್ವಲ್ಪ ಹೊತ್ತಿಗೆ ಗೆಳೆಯ ಚೆಂಡು ತಳ್ಳಿಕೊಂಡು ಬಂದ. ನಾನು ಎದುರು ನಿಂತಿರುವುದು ನೋಡಿ ಅವನ ಮುಖ ಅರಳಿತು. ಎಂದಿನಂತೆ ಭುಜ ಬಗ್ಗಿಸಿ ಚೆಂಡನ್ನು ನನ್ನ ಎಡಕ್ಕೆ ಹಾಯಿಸಿ, "ಬತ್ತೀನಿ" ಎಂದ. ನಾನು ಬಲಗೈ ಬಿಟ್ಟುಬಿಟ್ಟೆ. ಎಡಗೈ ಒಂದೇ ಉದ್ದಕ್ಕೆ ಚಾಚಿ ಸ್ಟಿಕ್ ಮಗುಚಿದೆ. ಅವನು ಹೋದ, ಚೆಂಡು ಹೋಗಲಿಲ್ಲ. ನಾಲ್ಕು ಹೆಜ್ಜೆ ಖಾಲಿ ಸ್ಟಿಕ್ ತಳ್ಳಿಕೊಂಡು ಓಡಿ ನಿಂತು, ಏನೋ ಬೀಳಿಸಿಕೊಂಡವನ ಹಾಗೆ ನೆಲ ಹುಡುಕಿದ. ನಾನು ಅಷ್ಟರಲ್ಲಿ ಚೆಂಡನ್ನು ಪಕ್ಕದವನಿಗೆ ಕೊಟ್ಟಾಗಿತ್ತು. ಪಕ್ಕದವನು ಅದನ್ನು ಗೋಲಿನಿಂದ ಎರಡು ಮಾರು ಆಚೆ ಹೊಡೆದ. ಅದು ಯಾರೆಂದು ಬರೆಯುವುದಿಲ್ಲ ಎಂದು ಮಾತು ಕೊಟ್ಟಿದ್ದೇನೆ.

ಗೆಳೆಯ ಆಮೇಲೆ ನಾಲ್ಕು ಸಲ ಬಂದ. ಎರಡು ಸಲ ತಡೆದೆ, ಎರಡು ಸಲ ಹೋದ. ನಾವು ಒಂದು ಗೋಲಿನಿಂದ ಸೋತೆವು. ನಾನು ಗೆದ್ದವನ ಹಾಗೆ ನಡೆದುಕೊಂಡು ಬಂದೆನಂತೆ, ಅದು ಉಳಿದವರ ದೂರು.

ಮೈದಾನದ ಎದುರಿನ ಹೋಟೆಲಿನಲ್ಲಿ ಎರಡೂ ತಂಡ ಟೀ ಕುಡಿಯುತ್ತ ಕೂತಿದ್ದಾಗ ಗೆಳೆಯ ಕೇಳಿದ. "ಲೇ, ನಿಂಗೆ ಎಡಗೈ ಯಾವಾಗ ಬಂತ್ಲಾ?"

"ಕೊಡಗಿಂದ ಕೋಚ್ ಕರ್ಸಿದ್ದೆ. ಮೂರು ವಾರ ಮನೇಲೇ ಇಟ್ಕೊಂಡಿದ್ದೆ."

"ಅದೇ ನಾನೂ ಅಂದ್ಕೊಂಡೆ" ಎಂದ. ಎಲ್ಲರೂ ತಲೆಯಾಡಿಸಿದರು. ಅಷ್ಟು ಸಲೀಸಾಗಿ ನಂಬಿದರು.

ನಾನು ಟೀ ಲೋಟ ಕೆಳಗಿಟ್ಟೆ. ಇಲ್ಲದ ಕೋಚಿಗೆ ಅವಳ ಕೆಲಸವನ್ನು ಬರೆದುಕೊಟ್ಟ ಹಾಗಾಯಿತು. "ಸುಳ್ಳು ಕಣ್ಲಾ" ಎಂದೆ. "ನನ್ನೆಂಡ್ರು ಕಲ್ಸಿದ್ಲು. ಇಟ್ಟು ತೊಳ್ಸೋ ಕೋಲಲ್ಲಿ. ಆಮೇಲೆ ನವಿಲುಕೋಸು ಉರುಳ್ಸಿ."

ಎಲ್ಲರೂ ಒಟ್ಟಿಗೆ ನಕ್ಕರು. ಗೆಳೆಯ ಕಣ್ಣೊರೆಸಿಕೊಂಡ. "ಏಳೋದಾದ್ರೆ ನಂಬೋ ಅಂಗೆ ಏಳ್ಲಾ. ಕೋಚ್ದೇ ವಾಸಿ."

ಆಣೆ ಮಾಡಿದೆ. ಇನ್ನೂ ನಕ್ಕರು. ಇಷ್ಟು ವರ್ಷ ಎಂತೆಂಥ ಸುಳ್ಳನ್ನೋ ನಂಬಿಸಿದ್ದ ನನ್ನಿಂದ ಇದೊಂದು ನಿಜವನ್ನು ನಂಬಿಸಲು ಆಗಲಿಲ್ಲ. ಅದಕ್ಕೇ ಇದನ್ನು ಬರೆದು ಇಡುತ್ತಿದ್ದೇನೆ.

ನಗದೆ ಇದ್ದವನು ಕ್ಯಾಪ್ಟನ್ ಒಬ್ಬನೇ. ಬೆಂಚಿನ ಮೇಲೆ ಕಾಲು ನೀಡಿ ಮಂಡಿ ನೀವಿಕೊಳ್ಳುತ್ತಿದ್ದ.

"ಯಾರಾದ್ರೂ ಕಲ್ಸಿರ್ಲಿ" ಎಂದ. "ಬರೋ ಭಾನ್ವಾರದಿಂದ ಎಡಗಡೆ ನಿಂದೇ. ಆರೂವರೆಗೆ ಬಾ."

ನಾನು ಆರಕ್ಕೇ ಹೋದೆ.